ನೆಲದ ಮೇಲಿನ ಗೂಡು, ಕಾಗದದ ಮೇಲಿನ ಮಿತಿ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ. ವಿಷಯ: ಅಮೆರಿಕದ ಕಾಡು ಟರ್ಕಿಯ ಇಳಿಮುಖ ಮತ್ತು ಬದಲಾಗುತ್ತಿರುವ ಬೇಟೆಯ ನಿಯಮಗಳು)



ಬೆಳಗಿನ ಜಾವ ಕಾಡುಕೋಳಿಯ ಕೂಗು ಕೇಳಿ ಏಳುವ ಊರುಗಳ ಜನರಿಗೆ ಅಮೆರಿಕದ ಹಕ್ಕಿಯೊಂದರ ಕಥೆ ಏಕೆ ಬೇಕು ಎಂಬ ಪ್ರಶ್ನೆ ಸಹಜವಾದುದು. ಆ ಹಕ್ಕಿ ಸಹ್ಯಾದ್ರಿಯದಲ್ಲ, ಈ ಖಂಡದ್ದೂ ಅಲ್ಲ. ಆದರೆ ಅದರ ಚರಿತ್ರೆಯಲ್ಲಿ ವಿರಳವಾದ ಸಂಗತಿಯೊಂದಿದೆ. ಒಂದು ಕಾಲಕ್ಕೆ ಅದು ಅಳಿವಿನ ಅಂಚಿಗೆ ತಲುಪಿತ್ತು. ಮನುಷ್ಯ ಪ್ರಯತ್ನದಿಂದ ಮರಳಿ ಲಕ್ಷಗಟ್ಟಲೆಯಾಗಿ ಬೆಳೆಯಿತು. ವನ್ಯಜೀವಿ ಸಂರಕ್ಷಣೆಯ ಅತಿ ದೊಡ್ಡ ಗೆಲುವುಗಳಲ್ಲಿ ಒಂದೆಂದು ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆಯಿತು. ಆ ಗೆಲುವಿನ ಸಂಭ್ರಮ ಮುಗಿಯುವ ಮೊದಲೇ ಹಲವು ರಾಜ್ಯಗಳಲ್ಲಿ ಅದು ಸದ್ದಿಲ್ಲದೆ ಕಡಿಮೆಯಾಗತೊಡಗಿತು. ಉಳಿಸಿದ್ದಾಯಿತು ಎಂದು ನಿಶ್ಚಿಂತರಾದ ಮೇಲೆ ಏನಾಗುತ್ತದೆ ಎಂಬುದನ್ನು ತಿಳಿಯಲು ಕಾಡು ಟರ್ಕಿಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಹಕ್ಕಿಯ ಪರಿಚಯ

ಕಾಡು ಟರ್ಕಿ ಉತ್ತರ ಅಮೆರಿಕದ ಮೂಲನಿವಾಸಿ. ನವಿಲು, ಕಾಡುಕೋಳಿಗಳು ಸೇರಿರುವ ಫೆಸೆಂಟ್ ಕುಟುಂಬಕ್ಕೇ ಅದೂ ಸೇರಿದೆ. ಬಲಿತ ಗಂಡು 7ರಿಂದ 11 ಕಿಲೋ ತೂಗುತ್ತದೆ. ಹೇಂಟೆಯ ತೂಕ ಸುಮಾರು ಅದರ ಅರ್ಧ. ಗಂಡಿನ ತಲೆ ಮತ್ತು ಕೊರಳು ಬೋಳಾಗಿದ್ದು, ಉದ್ರೇಕಗೊಂಡಾಗ ಕೆಂಪು, ನೀಲಿ, ಬಿಳಿ ಬಣ್ಣಗಳಿಗೆ ತಿರುಗುತ್ತವೆ. ಎದೆಯ ಮೇಲೆ ಗಡ್ಡದಂತಹ ಗೊಂಚಲು ಇಳಿಬಿದ್ದಿರುತ್ತದೆ. ವಸಂತ ಬಂದಾಗ ಅದು ಬಾಲದ ಗರಿಗಳನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಯನ್ನು ನೆಲಕ್ಕೆ ತಾಗಿಸಿ, ಗೊಗ್ಗರು ದನಿಯಲ್ಲಿ ಕೂಗುತ್ತ ಹೇಂಟೆಗಳನ್ನು ಕರೆಯುತ್ತದೆ. ಹಗಲೆಲ್ಲ ನೆಲದ ಮೇಲೆ ತಿರುಗಿ ಓಕ್ ಮರದ ಕಾಯಿ, ಬೀಜ, ಹುಲ್ಲಿನ ಕುಡಿ, ಕೀಟಗಳನ್ನು ತಿನ್ನುತ್ತದೆ. ಕತ್ತಲಾಗುತ್ತಲೇ ಮರವೇರಿ ಮಲಗುತ್ತದೆ. ಆದರೆ ಗೂಡು ಕಟ್ಟುವುದು ಮರದ ಮೇಲಲ್ಲ, ನೆಲದ ಮೇಲೆ. ಈ ಉಪನ್ಯಾಸದ ತಿರುಳೆಲ್ಲ ಇರುವುದು ಆ ಒಂದು ಸಂಗತಿಯಲ್ಲಿ.

ಇದರ ಸಾಕು ತಳಿ ಮೆಕ್ಸಿಕೋದ ಪ್ರಾಚೀನ ಜನರ ಕೊಡುಗೆ. ಹದಿನಾರನೆಯ ಶತಮಾನದಲ್ಲಿ ಅದು ಸ್ಪೇನಿನವರ ಮೂಲಕ ಯುರೋಪು ತಲುಪಿತು. 1612ರಲ್ಲಿ ಮೊಗಲ್ ದೊರೆ ಜಹಾಂಗೀರನ ಅಧಿಕಾರಿ ಮುಕರ್ರಬ್ ಖಾನನು ಪೋರ್ಚುಗೀಸರ ಗೋವೆಯಿಂದ ತಂದ ಅಪರೂಪದ ಜೀವಿಗಳಲ್ಲಿ ಒಂದು ಟರ್ಕಿ ಹುಂಜವೂ ಇತ್ತು. ಅದನ್ನು ಕಂಡು ಬೆರಗಾದ ದೊರೆ ತನ್ನ ಆತ್ಮಕಥನದಲ್ಲಿ ಅದರ ವರ್ಣನೆಯನ್ನು ಬರೆದಿಟ್ಟನು. ಆಸ್ಥಾನದ ಕಲಾವಿದ ಮನ್ಸೂರನು ಅದರ ಚಿತ್ರ ಬರೆದನು. ಹೀಗೆ ಸಹ್ಯಾದ್ರಿಯ ಕರಾವಳಿಯ ಒಂದು ಬಂದರಿಗೂ ಈ ಹಕ್ಕಿಗೂ ನಾನ್ನೂರು ವರ್ಷಗಳ ಹಳೆಯ ನಂಟಿದೆ. ಆದರೆ ಇಲ್ಲಿಗೆ ಬಂದದ್ದು ಸಾಕಿದ ಹಕ್ಕಿ. ಇಂದಿನ ಮಾತು ಅದರ ಕಾಡಿನ ಬಂಧುವಿನದು.

ಮೊದಲ ಪತನ

ಯುರೋಪಿನವರು ಬಂದಿಳಿಯುವ ಹೊತ್ತಿಗೆ ಅಮೆರಿಕದ ಕಾಡುಗಳಲ್ಲಿ ಒಂದು ಕೋಟಿಯಷ್ಟು ಟರ್ಕಿಗಳು ಇದ್ದಿರಬಹುದೆಂಬ ಅಂದಾಜಿದೆ. ಆ ಮೇಲಿನ ಮುನ್ನೂರು ವರ್ಷಗಳಲ್ಲಿ ಎರಡು ಹೊಡೆತಗಳು ಒಟ್ಟಿಗೆ ಬಿದ್ದವು. ಹೊಲಕ್ಕಾಗಿ, ಸೌದೆಗಾಗಿ, ಹಡಗಿನ ಮರಮುಟ್ಟಿಗಾಗಿ ಪೂರ್ವದ ಕಾಡುಗಳು ಬಯಲಾದವು. ಉಳಿದ ಕಾಡಿನಲ್ಲಿ ವರ್ಷವಿಡೀ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಪೇಟೆಯ ಮಾರಾಟಕ್ಕಾಗಿ ಬೇಟೆ ನಡೆಯಿತು. ಎಷ್ಟು ಹೊಡೆಯಬಹುದು, ಯಾವಾಗ ಹೊಡೆಯಬಹುದು ಎಂಬ ಕಟ್ಟಳೆ ಹೆಚ್ಚಿನ ಕಡೆ ಇರಲಿಲ್ಲ. ಕನೆಕ್ಟಿಕಟ್ ರಾಜ್ಯದಲ್ಲಿ 1813ರ ಹೊತ್ತಿಗೆ ಟರ್ಕಿ ಕಾಣೆಯಾಯಿತು. ಮೆಸಾಚುಸೆಟ್ಸ್‌ನ ಕೊನೆಯ ಕಾಡು ಟರ್ಕಿ 1851ರಲ್ಲಿ ಮೌಂಟ್ ಟಾಮ್ ಎಂಬ ಬೆಟ್ಟದಲ್ಲಿ ಗುಂಡಿಗೆ ಬಲಿಯಾಯಿತು. ಮೂಲತಃ ಅದು ನೆಲೆಸಿದ್ದ 39 ರಾಜ್ಯಗಳ ಪೈಕಿ 18ರಲ್ಲಿ 1920ರ ಹೊತ್ತಿಗೆ ಒಂದು ಹಕ್ಕಿಯೂ ಉಳಿದಿರಲಿಲ್ಲ.

ಅದೇ ಕಾಲದಲ್ಲಿ ಮರಗಳಿಗೂ ಒಂದು ವಿಪತ್ತು ಬಂದಿತು. ಅಪಲಾಚಿಯನ್ ಬೆಟ್ಟಸಾಲಿನ ಕಾಡುಗಳಲ್ಲಿ ಅಮೆರಿಕನ್ ಚೆಸ್ಟ್‌ನಟ್ ಮರ ಪ್ರಧಾನವಾಗಿತ್ತು. ವರ್ಷ ತಪ್ಪದೆ ಕಾಯಿ ಉದುರಿಸುತ್ತಿದ್ದ ಆ ಮರ ಕಾಡಿನ ಜೀವಿಗಳಿಗೆ ಅನ್ನದಾತನಂತಿತ್ತು. ಹೊರದೇಶದಿಂದ ಬಂದ ಶಿಲೀಂಧ್ರ ರೋಗವೊಂದು 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾಣಿಸಿಕೊಂಡು, ಅರ್ಧ ಶತಮಾನದೊಳಗೆ ಸುಮಾರು 400 ಕೋಟಿ ಮರಗಳನ್ನು ಕೊಂದಿತು. ಚಳಿಗಾಲದ ಊಟವೇ ಹೋದ ಕಾಡಿನಲ್ಲಿ ಅಳಿದುಳಿದ ಟರ್ಕಿಗಳು ಮನುಷ್ಯರು ತಲುಪಲಾಗದ ಜೌಗು ಮತ್ತು ಕಡಿದಾದ ಕಣಿವೆಗಳಲ್ಲಿ ಸೇರಿಕೊಂಡವು. 1930ರ ದಶಕದಲ್ಲಿ ಇಡೀ ದೇಶದಲ್ಲಿ ಅವು ಎಷ್ಟಿದ್ದವು ಎಂಬುದಕ್ಕೆ 30 ಸಾವಿರದಿಂದ ಎರಡು ಲಕ್ಷದವರೆಗೆ ಬೇರೆ ಬೇರೆ ಅಂದಾಜುಗಳಿವೆ. ಯಾವುದನ್ನು ಒಪ್ಪಿದರೂ ಒಂದು ಕೋಟಿಯ ಮುಂದೆ ಅದು ಅಳಿದುಳಿದ ಚೂರು ಮಾತ್ರ.

ಮರಳಿ ಬಂದ ಬಗೆ

ಪುನರುತ್ಥಾನ ಒಂದೇ ದಿನದಲ್ಲಿ ಆಗಲಿಲ್ಲ, ಒಂದೇ ಉಪಾಯದಿಂದಲೂ ಆಗಲಿಲ್ಲ. ಮೊದಲಿಗೆ ಕಾಯಿದೆ ಬಂದಿತು. ಅಕ್ರಮವಾಗಿ ಕೊಂದ ವನ್ಯಜೀವಿಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿ ಮಾರುವುದನ್ನು 1900ರ ಲೇಸಿ ಕಾಯಿದೆ ಅಪರಾಧವೆಂದು ಸಾರಿತು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯ ಮೂಲಕ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ಸುಂಕದ ಹಣ ವನ್ಯಜೀವಿಗಳ ಪುನಶ್ಚೇತನಕ್ಕೇ ಮೀಸಲಾಯಿತು. ಬೇಟೆಯ ಪರವಾನಗಿ ಶುಲ್ಕವನ್ನು ಬೇರೆ ಕೆಲಸಕ್ಕೆ ತಿರುಗಿಸುವ ರಾಜ್ಯಕ್ಕೆ ಈ ಹಣ ಸಿಗದು ಎಂಬ ಷರತ್ತೂ ಅದರಲ್ಲಿತ್ತು. ಬೇಟೆಯಾಡುವವನೇ ಹಕ್ಕಿಯ ಎಣಿಕೆಗೆ, ನೆಲೆಯ ರಕ್ಷಣೆಗೆ ಹಣ ತೆರಬೇಕೆಂಬ ಆ ವ್ಯವಸ್ಥೆ ಇಂದಿಗೂ ನಡೆದಿದೆ. ಇದೇ ಅವಧಿಯಲ್ಲಿ ಪೂರ್ವದ ಬಡ ಹೊಲಗಳನ್ನು ರೈತರು ತೊರೆದು ಹೋದುದರಿಂದ ಆ ನೆಲದಲ್ಲಿ ಕಾಡು ತಾನಾಗಿ ಚಿಗುರಿತು.

ಅನಂತರ ಬಂದದ್ದು ಒಂದು ದೊಡ್ಡ ತಪ್ಪು. ಕಾವು ಪೆಟ್ಟಿಗೆಯಲ್ಲಿ ಮೊಟ್ಟೆಯೊಡೆಸಿ, ಬೇಲಿಯೊಳಗೆ ಸಾಕಿದ ಟರ್ಕಿಗಳನ್ನು ಹಲವು ರಾಜ್ಯಗಳು ವರ್ಷಗಟ್ಟಲೆ ಕಾಡಿಗೆ ಬಿಟ್ಟವು. ಅವು ಬದುಕಲಿಲ್ಲ. ಆಕಾಶದಲ್ಲಿ ಗಿಡುಗನ ನೆರಳು ಕಂಡಾಗ ಪೊದೆಯಡಿ ಅಡಗಬೇಕೆಂಬುದನ್ನು, ಯಾವ ಹುಲ್ಲಿನಲ್ಲಿ ಹುಳು ಸಿಗುತ್ತದೆಂಬುದನ್ನು ಮರಿ ಕಲಿಯುವುದು ತಾಯಿಯ ಹಿಂದೆ ನಡೆದು. ತಾಯಿಯಿಲ್ಲದೆ ಬೆಳೆದ ಹಕ್ಕಿಗೆ ಕಾಡು ಪರದೇಶವೇ ಆಗಿತ್ತು. ಕೊನೆಗೆ ಕಾಡಿನಲ್ಲಿಯೇ ಹುಟ್ಟಿದ ಹಕ್ಕಿಗಳನ್ನು ಹಿಡಿದು ಬರಿದಾದ ಕಾಡುಗಳಿಗೆ ಸಾಗಿಸುವುದೊಂದೇ ದಾರಿ ಎಂಬುದು ಮನವರಿಕೆಯಾಯಿತು. ಆದರೆ ಅಷ್ಟು ಎಚ್ಚರದ ಹಕ್ಕಿಯನ್ನು ಹಿಡಿಯುವುದು ಹೇಗೆ? 1951ರಲ್ಲಿ ದಕ್ಷಿಣ ಕ್ಯಾರೊಲೈನಾದಲ್ಲಿ ಮದ್ದಿನ ಬಲದಿಂದ ಚಿಮ್ಮುವ ಬಲೆಯನ್ನು ಟರ್ಕಿಗಳ ಮೇಲೆ ಪ್ರಯೋಗಿಸಲಾಯಿತು. ಜೋಳ ಚೆಲ್ಲಿದ ಜಾಗಕ್ಕೆ ಹಿಂಡು ಬಂದು ಮೇಯತೊಡಗಿದೊಡನೆ ಬಲೆ ಹಾರಿ ಅದನ್ನು ಮುಚ್ಚುತ್ತಿತ್ತು. ಇದರಿಂದ ಸಾಗಾಣಿಕೆಯ ಕೆಲಸಕ್ಕೆ ವೇಗ ಬಂದಿತು.

ಫಲ ಎಷ್ಟರಮಟ್ಟಿಗೆ ದೊರೆಯಿತೆಂಬುದಕ್ಕೆ ಎರಡು ಉದಾಹರಣೆಗಳು ಸಾಕು. ಮೆಸಾಚುಸೆಟ್ಸ್‌ನಲ್ಲಿ 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕ್‌ನಿಂದ ತಂದ 37 ಹಕ್ಕಿಗಳನ್ನು ಬರ್ಕ್‌ಶೈರ್ ಬೆಟ್ಟಗಳಲ್ಲಿ ಬಿಡಲಾಯಿತು. ಇಂದು ಆ ರಾಜ್ಯದಲ್ಲಿ 30 ಸಾವಿರಕ್ಕೂ ಹೆಚ್ಚು ಟರ್ಕಿಗಳಿವೆ. ಮಿಸೌರಿ ರಾಜ್ಯ 1960ರಲ್ಲಿ 14 ಕೌಂಟಿಗಳಲ್ಲಿ ಮೂರೇ ದಿನಗಳ ಬೇಟೆಗೆ ಅನುಮತಿ ನೀಡಿದಾಗ ಬಿದ್ದ ಹಕ್ಕಿಗಳು 94. 2004ರ ವಸಂತದಲ್ಲಿ ಅಲ್ಲಿ ಬೇಟೆಯಾದವು ಸುಮಾರು 60 ಸಾವಿರ. ಇಡೀ ದೇಶದ ಲೆಕ್ಕದಲ್ಲಿ 1973ರಲ್ಲಿ 13 ಲಕ್ಷವಿದ್ದ ಕಾಡು ಟರ್ಕಿಗಳು 2000ರ ದಶಕದಲ್ಲಿ ಸುಮಾರು 67 ಲಕ್ಷಕ್ಕೆ ಏರಿದವು. ಅಲಾಸ್ಕಾ ಒಂದನ್ನು ಬಿಟ್ಟು ಉಳಿದ ಎಲ್ಲ ರಾಜ್ಯಗಳಲ್ಲೂ ಬೇಟೆಯ ಹಂಗಾಮು ತೆರೆಯಿತು.

ಸದ್ದಿಲ್ಲದ ಎರಡನೆಯ ಇಳಿಮುಖ

ಸಂಖ್ಯೆ ಏರುತ್ತಿದ್ದ ಆ ವರ್ಷಗಳಲ್ಲಿಯೇ ಅನೇಕ ರಾಜ್ಯಗಳ ಬೇಟೆಯ ನಿಯಮಗಳು ರೂಪುಗೊಂಡವು. ಒಬ್ಬ ಬೇಟೆಗಾರ ಒಂದು ವಸಂತದಲ್ಲಿ ಎಷ್ಟು ಹಕ್ಕಿ ಹೊಡೆಯಬಹುದೆಂಬುದೇ ಬೇಟೆಯ ಮಿತಿ. ಅಲಬಾಮಾದಲ್ಲಿ ಅದು ಐದು, ಟೆನೆಸ್ಸಿಯಲ್ಲಿ ನಾಲ್ಕು, ಜಾರ್ಜಿಯಾದಲ್ಲಿ ಮೂರು. ಹಕ್ಕಿ ಹೆಚ್ಚುತ್ತಿದ್ದಾಗ ಬರೆದ ಅಂಕಿ ಹಾಗೆಯೇ ಉಳಿಯಿತು. ಆದರೆ ಹಕ್ಕಿ ಹಾಗೆಯೇ ಉಳಿಯಲಿಲ್ಲ.

ಅರ್ಕಾನ್ಸಾದಲ್ಲಿ 2003ರ ವಸಂತದಲ್ಲಿ ಸುಮಾರು 20 ಸಾವಿರ ಟರ್ಕಿಗಳು ಬೇಟೆಯಾಗಿದ್ದವು. 2021ರಲ್ಲಿ ಆ ಸಂಖ್ಯೆ ಅದರ ಅರ್ಧಕ್ಕೂ ಕಡಿಮೆ. ಮಿಸೌರಿಯಲ್ಲಿ 60 ಸಾವಿರವಿದ್ದದ್ದು 2018ರಲ್ಲಿ ಸುಮಾರು 35 ಸಾವಿರಕ್ಕೆ ಇಳಿಯಿತು. ಆಗ್ನೇಯದಿಂದ ಆರಂಭವಾದ ಇಳಿಮುಖ ಮಧ್ಯದ ಬಯಲುಸೀಮೆಗೂ ಹಬ್ಬಿತು. ದೇಶದ ಒಟ್ಟು ಸಂಖ್ಯೆ ಇಂದು 60 ಲಕ್ಷದ ಆಸುಪಾಸಿನಲ್ಲಿದೆ. ಹೊರನೋಟಕ್ಕೆ ಇದು ಗಾಬರಿ ಹುಟ್ಟಿಸುವ ಅಂಕಿಯಲ್ಲ. ಆದರೆ ಸರಾಸರಿಯ ಅಂಕಿ ಸ್ಥಳೀಯ ಸತ್ಯವನ್ನು ಮುಚ್ಚಿಡುತ್ತದೆ. ಬಾಸ್ಟನ್ ನಗರದ ಹೊರವಲಯದಲ್ಲಿ ಟರ್ಕಿಗಳು ರಸ್ತೆಗೆ ಅಡ್ಡ ನಿಂತು ಜನರನ್ನು ಅಟ್ಟುವಷ್ಟು ಹೆಚ್ಚಿವೆ. ಅದೇ ಹೊತ್ತಿನಲ್ಲಿ ದಕ್ಷಿಣದ ಎಷ್ಟೋ ಕಣಿವೆಗಳಲ್ಲಿ ವಸಂತದ ಬೆಳಗು ಕೂಗಿಲ್ಲದೆ ಕಳೆಯುತ್ತಿದೆ. ಬಾಸ್ಟನ್ನಿನ ಹಕ್ಕಿಯನ್ನು ಕೂಡಿಸಿ ಲೆಕ್ಕ ಹಾಕಿದ ಮಾತ್ರಕ್ಕೆ ಅರ್ಕಾನ್ಸಾದ ಗುಡ್ಡಕ್ಕೆ ಕೂಗು ಮರಳುವುದಿಲ್ಲ.

ಈ ಇಳಿಮುಖವನ್ನು ಮೊದಲು ಸೂಚಿಸಿದ್ದು ಸತ್ತ ಹಕ್ಕಿಗಳ ಲೆಕ್ಕವಲ್ಲ, ಹುಟ್ಟಿದ ಮರಿಗಳ ಲೆಕ್ಕ. ಬೇಸಗೆಯಲ್ಲಿ ಕಣ್ಣಿಗೆ ಬಿದ್ದ ಪ್ರತಿಯೊಂದು ಹೇಂಟೆಯೊಂದಿಗೆ ಎಷ್ಟು ಮರಿಗಳಿವೆ ಎಂದು ಎಣಿಸಿ ದಾಖಲಿಸುವ ಪದ್ಧತಿ ಅಲ್ಲಿ ದಶಕಗಳಿಂದಲೂ ಇದೆ. ಇಲಾಖೆಯ ನೌಕರರ ಜೊತೆಗೆ ರೈತರು, ಬೇಟೆಗಾರರು, ಸಾಮಾನ್ಯ ನಾಗರಿಕರೂ ಇದರಲ್ಲಿ ಪಾಲ್ಗೊಳ್ಳುತ್ತಾರೆ. ಹೇಂಟೆಯೊಂದಕ್ಕೆ ಸರಾಸರಿ ಎರಡು ಮರಿಗಳು ಉಳಿದರೆ ಸಂತತಿ ನಿಲ್ಲುತ್ತದೆ ಎಂಬುದು ಸ್ಥೂಲವಾದ ಲೆಕ್ಕ. ಆಗ್ನೇಯದ ಅನೇಕ ಕಡೆ ಈ ಸರಾಸರಿ ವರ್ಷವರ್ಷವೂ ಎರಡಕ್ಕಿಂತ ಕೆಳಗೇ ಉಳಿಯಿತು.

ಗೂಡಿನ ಲೆಕ್ಕ

ಗೂಡಿನ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡಬೇಕು. ವಸಂತದಲ್ಲಿ ಹೇಂಟೆ ಪೊದೆಯ ಬುಡದಲ್ಲೋ ಉರುಳಿದ ಮರದ ಮಗ್ಗುಲಲ್ಲೋ ನೆಲವನ್ನು ಕೆದಕಿ, ಒಣಗಿದ ಎಲೆಗಳ ಮೇಲೆ 10ರಿಂದ 12 ಮೊಟ್ಟೆಗಳನ್ನಿಡುತ್ತದೆ. ದಿನಕ್ಕೆ ಸುಮಾರು ಒಂದರಂತೆ ಇಡುವುದರಿಂದ ಮೊಟ್ಟೆಯಿಡುವುದಕ್ಕೇ ಎರಡು ವಾರ ಬೇಕು. ಆ ಮೇಲೆ ಸುಮಾರು 28 ದಿನ ಅದು ಒಂಟಿಯಾಗಿ ಕಾವು ಕೂರುತ್ತದೆ. ಗಂಡು ಗೂಡಿನ ಬಳಿಗೂ ಸುಳಿಯುವುದಿಲ್ಲ. ಮರಿಗಳು ಮೊಟ್ಟೆಯೊಡೆದು ಹೊರಬಂದ ಮರುದಿನವೇ ತಾಯಿಯ ಹಿಂದೆ ನಡೆಯುತ್ತವೆ. ಆದರೆ ರೆಕ್ಕೆ ಬಲಿತು ಮರವೇರಲು ಎರಡು ವಾರಗಳಾದರೂ ಬೇಕು. ಅಲ್ಲಿಯವರೆಗೆ ರಾತ್ರಿಯೂ ನೆಲವೇ ಗತಿ. ಹೀಗೆ ಮೊದಲ ಮೊಟ್ಟೆ ಬಿದ್ದಂದಿನಿಂದ ಮರಿ ಮರವೇರುವವರೆಗೆ ಹೆಚ್ಚು ಕಡಿಮೆ ಎಂಟು ವಾರಗಳ ಕಾಲ ಒಂದು ಕುಟುಂಬದ ಭವಿಷ್ಯ ನೆಲದ ಮೇಲಿರುತ್ತದೆ.

ಆಗ್ನೇಯದ ಹಲವು ಅಧ್ಯಯನಗಳಲ್ಲಿ ನಾಲ್ಕೈದು ಗೂಡುಗಳಲ್ಲಿ ಒಂದು ಮಾತ್ರ ಮರಿಯಾಗುವವರೆಗೆ ಉಳಿದಿದೆ. ಹೊರಬಂದ ಮರಿಗಳಲ್ಲಿ ಅರ್ಧಕ್ಕೂ ಹೆಚ್ಚು ಮೊದಲ ಕೆಲವು ವಾರಗಳಲ್ಲಿಯೇ ಸಾಯುತ್ತವೆ. ಲೆಕ್ಕಕ್ಕಾಗಿ ನೂರು ಹೇಂಟೆಗಳಿವೆಯೆಂದು ಇಟ್ಟುಕೊಂಡರೆ, ಅವುಗಳಲ್ಲಿ 25 ಗೂಡುಗಳು ಗೆದ್ದು, ತಲಾ ಹತ್ತರಂತೆ 250 ಮರಿಗಳು ಹುಟ್ಟಿ, ಮೂರರಲ್ಲೊಂದು ಬದುಕಿದರೆ ಉಳಿಯುವುದು 80ರಷ್ಟು. ಅವುಗಳಲ್ಲಿ ಅರ್ಧ ಹೆಣ್ಣು, ಅಂದರೆ 40. ಅದೇ ವರ್ಷದಲ್ಲಿ ನೂರು ಹೇಂಟೆಗಳಲ್ಲಿ 45 ಸತ್ತರೆ ಮುಂದಿನ ವಸಂತಕ್ಕೆ ಉಳಿಯುವುದು 95. ಒಂದು ವರ್ಷದಲ್ಲಿ ಐದು ಹೇಂಟೆ ಕಡಿಮೆಯಾದುದು ಯಾರ ಕಣ್ಣಿಗೂ ಬೀಳದು. ಹತ್ತು ವರ್ಷ ಹೀಗೆಯೇ ನಡೆದರೆ ನೂರು ಅರವತ್ತಾಗುತ್ತದೆ. ಇಂತಹ ಇಳಿಮುಖಕ್ಕೆ ಸದ್ದಿರುವುದಿಲ್ಲ.

ಕಾರಣ ಒಂದಲ್ಲ

ಗೂಡುಗಳು ಏಕೆ ಸೋಲುತ್ತಿವೆ ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಆರೋಪಿಯನ್ನು ತೋರಿಸುತ್ತಾರೆ. ಕಾಡುಪ್ರಾಣಿಗಳ ಮೇಲೆ ಬೆರಳು ತೋರುವವರು ಹಲವರು. ರಕೂನ್, ಸ್ಕಂಕ್, ಒಪೊಸಮ್‌ಗಳು ಮೊಟ್ಟೆ ಕದಿಯುತ್ತವೆ. ಕಾಡುಬೆಕ್ಕು, ಕಯೋಟಿ ಎಂಬ ನರಿಯಂತಹ ಪ್ರಾಣಿ ಮತ್ತು ದೊಡ್ಡ ಗೂಬೆ ಹೇಂಟೆಯನ್ನೇ ಹಿಡಿಯುತ್ತವೆ. 1980ರ ದಶಕದ ಕೊನೆಯಲ್ಲಿ ತುಪ್ಪಳದ ಬೆಲೆ ಕುಸಿದುದರಿಂದ ರಕೂನ್‌ಗಳನ್ನು ಬೋನಿಟ್ಟು ಹಿಡಿಯುವವರು ಕಡಿಮೆಯಾದರು ಎಂಬುದೂ ನಿಜ. ಆದರೆ ಇವುಗಳಲ್ಲಿ ಹೆಚ್ಚಿನ ಪ್ರಾಣಿಗಳೂ ಹಕ್ಕಿಯೂ ಸಾವಿರಾರು ವರ್ಷ ಒಂದೇ ಕಾಡಿನಲ್ಲಿ ಬಾಳಿವೆ. ಗೂಡು ಅವುಗಳ ಕಣ್ಣಿಗೆ ಇಷ್ಟು ಸುಲಭವಾಗಿ ಬೀಳುವಂತೆ ನೆಲ ಬದಲಾದುದು ಹೇಗೆ ಎಂಬುದೇ ಮುಖ್ಯ ಪ್ರಶ್ನೆ.

ಉತ್ತರ ಕಾಡಿನ ಸ್ವರೂಪದಲ್ಲಿದೆ. ಟರ್ಕಿ ಮರಿ ಮೊದಲ ವಾರಗಳಲ್ಲಿ ಬಹುಮಟ್ಟಿಗೆ ಕೀಟಗಳನ್ನೇ ತಿಂದು ಬೆಳೆಯುತ್ತದೆ. ಅದಕ್ಕೆ ಮೊಣಕಾಲೆತ್ತರದ ಹುಲ್ಲು, ಗಿಡಮೂಲಿಕೆ ಬೇಕು; ಮೇಲೆ ಮರೆ, ಕೆಳಗೆ ಮರಿ ನುಸುಳಿ ನಡೆಯುವಷ್ಟು ತೆರವು ಇರಬೇಕು. ಆಗ್ನೇಯದಲ್ಲಿ ಒಂದು ಕಾಲಕ್ಕೆ ಸುಮಾರು ಒಂಬತ್ತು ಕೋಟಿ ಎಕರೆಯಲ್ಲಿ ಹಬ್ಬಿದ್ದ ಲಾಂಗ್‌ಲೀಫ್ ಪೈನ್ ಕಾಡುಗಳು ಅಂತಹ ನೆಲೆಯಾಗಿದ್ದವು. ಮರಗಳ ನಡುವೆ ಬಿಸಿಲು ಬೀಳುತ್ತಿತ್ತು, ಆಗಾಗ ಹರಿಯುವ ಹಗುರವಾದ ಬೆಂಕಿ ಪೊದೆಗಳನ್ನು ಹತೋಟಿಯಲ್ಲಿಟ್ಟು ಹುಲ್ಲನ್ನು ಚಿಗುರಿಸುತ್ತಿತ್ತು. ಇಪ್ಪತ್ತನೆಯ ಶತಮಾನದ ಕೊನೆಗೆ ಆ ಕಾಡು ಉಳಿದದ್ದು 30 ಲಕ್ಷ ಎಕರೆಯಷ್ಟು. ಅದರ ಜಾಗದಲ್ಲಿ ಹೊಲ, ಊರು, ಮತ್ತು ಒತ್ತೊತ್ತಾಗಿ ನೆಟ್ಟ ಪೈನ್ ತೋಪುಗಳು ಬಂದವು. ತೋಪು ದೂರದಿಂದ ಹಸಿರಾಗಿಯೇ ಕಾಣುತ್ತದೆ. ಅದರ ಕೆಳಗೆ ಬಿಸಿಲಿಲ್ಲ, ಹುಲ್ಲಿಲ್ಲ, ಹುಳುವಿಲ್ಲ, ಮರಿಗೆ ತುತ್ತಿಲ್ಲ. ಉಳಿದ ಸಣ್ಣ ಸಣ್ಣ ಹುಲ್ಲಿನ ಪಟ್ಟಿಗಳಲ್ಲಿ ಎಲ್ಲ ಹೇಂಟೆಗಳೂ ಗೂಡು ಮಾಡುವುದರಿಂದ ಮೊಟ್ಟೆಗಳ್ಳರಿಗೆ ಹುಡುಕುವ ಶ್ರಮವೂ ತಪ್ಪಿದೆ.

ಇವುಗಳ ಜೊತೆಗೆ ಇನ್ನೂ ಕೆಲವು ಕಾರಣಗಳಿವೆ. ಮರಿಗಳು ಹೊರಬರುವ ಹೊತ್ತಿಗೆ ಸುರಿಯುವ ತಣ್ಣನೆಯ ಮಳೆ ಅವುಗಳನ್ನು ಕೊಲ್ಲುತ್ತದೆ. 2009ರಲ್ಲಿ ಅಮೆರಿಕದ ಕಾಡು ಟರ್ಕಿಗಳಲ್ಲಿ ಮೊದಲ ಬಾರಿಗೆ ಪತ್ತೆಯಾದ ಎಲ್‌ಪಿಡಿವಿ ಎಂಬ ವೈರಾಣು ಈಗ ಬಹು ವಿಸ್ತಾರವಾಗಿ ಹರಡಿದೆ. ಅದು ತಗುಲಿದ ಎಲ್ಲ ಹಕ್ಕಿಗಳೂ ರೋಗಕ್ಕೆ ತುತ್ತಾಗುವುದಿಲ್ಲವಾದರೂ ಸಂಶೋಧಕರು ಅದರ ಬೆನ್ನು ಹತ್ತಿದ್ದಾರೆ. ಹೊಸ ನೆಲೆಯಲ್ಲಿ ಬಿಟ್ಟ ಜೀವಿ ಮೊದಲು ವೇಗವಾಗಿ ಹೆಚ್ಚಿ, ನೆಲೆ ತುಂಬಿದ ಮೇಲೆ ಮರಿಗಳ ಪ್ರಮಾಣ ಇಳಿದು ಒಂದು ಹದಕ್ಕೆ ನಿಲ್ಲುತ್ತದೆ ಎಂಬ ವಾದವೂ ಇದೆ. ಅದು ನಿಜವಾದರೆ ಏರಿಕೆಯ ಕಾಲದ ಬೇಟೆಯ ಮಿತಿಯನ್ನು ಇಳಿಕೆಯ ಕಾಲಕ್ಕೆ ಮುಂದುವರಿಸುವುದು ಇನ್ನಷ್ಟು ಅವಿವೇಕವೆನಿಸುತ್ತದೆ.

ಮಿತಿಯ ತಿದ್ದುಪಡಿ

ಕಾಡಿನ ಸ್ವರೂಪವನ್ನು ಒಂದು ವರ್ಷದಲ್ಲಿ ಬದಲಿಸಲಾಗದು. ಮಳೆಯನ್ನು ಬದಲಿಸಲಾಗದು. ಸರಕಾರದ ಕೈಯಲ್ಲಿ ತತ್‌ಕ್ಷಣ ಬದಲಿಸಬಹುದಾದುದು ಒಂದೇ: ಬೇಟೆಯ ನಿಯಮ. ಆದುದರಿಂದ ರಾಜ್ಯಗಳು ಒಂದರ ಹಿಂದೆ ಒಂದರಂತೆ ಅದಕ್ಕೆ ಕೈಹಾಕಿದವು. ಅರ್ಕಾನ್ಸಾ 2011ರಿಂದಲೇ ವಯಸ್ಕರು ಎಳೆಯ ಗಂಡುಗಳನ್ನು ಹೊಡೆಯುವುದನ್ನು ನಿಷೇಧಿಸಿತು. 2021ರಲ್ಲಿ ಹಂಗಾಮಿನ ಆರಂಭವನ್ನೂ ಮುಂದೂಡಿತು. 2022ರ ವಸಂತದಲ್ಲಿ ಜಾರ್ಜಿಯಾ ಮಿತಿಯನ್ನು ಮೂರರಿಂದ ಎರಡಕ್ಕೆ, ಅಲಬಾಮಾ ಐದರಿಂದ ನಾಲ್ಕಕ್ಕೆ, ಓಹಾಯೋ ಎರಡರಿಂದ ಒಂದಕ್ಕೆ, ಓಕ್ಲಹಾಮಾ ಮೂರರಿಂದ ಒಂದಕ್ಕೆ ಇಳಿಸಿದವು. ಟೆನೆಸ್ಸಿ ನಾಲ್ಕರಿಂದ ಮೂರಕ್ಕಿಳಿಸಿ, 2023ರಲ್ಲಿ ಎರಡಕ್ಕೆ ತಂದು, ಹಂಗಾಮನ್ನು ಎರಡು ವಾರ ತಡವಾಗಿ ಆರಂಭಿಸಿತು. ನೆಬ್ರಾಸ್ಕಾ ಅದೇ ವರ್ಷ ಮಿತಿಯನ್ನು ಮೂರರಿಂದ ಎರಡಕ್ಕಿಳಿಸಿ, ಹೊರರಾಜ್ಯದವರಿಗೆ ಕೊಡುವ ಪರವಾನಗಿಗಳಿಗೂ ಮೇಲ್ಮಿತಿ ಹಾಕಿತು. ಶರತ್ಕಾಲದ ಬೇಟೆಯಲ್ಲಿ ಹೇಂಟೆಗಳೂ ಬೀಳುವುದುಂಟು. ಕ್ಯಾನ್ಸಸ್ 2023ರಲ್ಲಿ ಆ ಹಂಗಾಮನ್ನೇ ಸ್ಥಗಿತಗೊಳಿಸಿತು.

ಇಲ್ಲಿ ಒಂದು ಸಂಶಯ ಏಳುವುದು ಸಹಜ. ವಸಂತದಲ್ಲಿ ಹೊಡೆಯುವುದು ಗಂಡನ್ನು ಮಾತ್ರ; ಒಂದು ಗಂಡು ಹಲವು ಹೇಂಟೆಗಳೊಡನೆ ಕೂಡುತ್ತದೆ; ಹಾಗಿದ್ದ ಮೇಲೆ ಕೆಲವು ಗಂಡುಗಳು ಸತ್ತರೆ ಗೂಡಿಗೇನು ನಷ್ಟ? ದಶಕಗಳ ಕಾಲ ಇದೇ ತರ್ಕ ನಡೆದುಬಂದಿತ್ತು. ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕೆಲ್ ಚೇಂಬರ್ಲೇನ್ ಮತ್ತು ಅವರ ಸಹ ಸಂಶೋಧಕರು ಇದನ್ನು ಪ್ರಶ್ನಿಸಿದರು. ಗಂಡುಗಳಲ್ಲಿ ಮೇಲು ಕೀಳಿನ ಸಾಲಿದೆ; ಹೇಂಟೆ ತನ್ನ ಸಂಗಾತಿಯನ್ನು ಆರಿಸಿಕೊಳ್ಳುತ್ತದೆ. ಹೇಂಟೆಗಳು ಕೂಡುವ ಮೊದಲೇ ಹಂಗಾಮು ತೆರೆದು, ಹೆಚ್ಚು ಕೂಗುವ ಬಲಿಷ್ಠ ಗಂಡುಗಳನ್ನೇ ಮೊದಲ ದಿನಗಳಲ್ಲಿ ಹೊಡೆದುರುಳಿಸಿದರೆ ಆ ಸಾಲು ಕದಡಿ ಗೂಡಿನ ಕೆಲಸ ತಡವಾಗಬಹುದು ಎಂಬುದು ಅವರ ಎಚ್ಚರಿಕೆ. ಹಂಗಾಮನ್ನು ಮುಂದೂಡುವ ನಿರ್ಧಾರಗಳ ಹಿಂದೆ ಈ ವಾದದ ಒತ್ತಾಸೆಯಿದೆ.

ಆದರೆ ವಾದವನ್ನು ನೆಲದ ಮೇಲೆ ಪರೀಕ್ಷಿಸಬೇಕು. ಟೆನೆಸ್ಸಿಯ ದಕ್ಷಿಣ ಭಾಗದ ಜೈಲ್ಸ್, ಲಾರೆನ್ಸ್, ವೇನ್ ಕೌಂಟಿಗಳಲ್ಲಿ 2021ರಿಂದ ಹಂಗಾಮನ್ನು 14 ದಿನ ತಡವಾಗಿ ತೆರೆದು, ನೆರೆಯ ಕೌಂಟಿಗಳಲ್ಲಿ ಎಂದಿನಂತೆ ನಡೆಸಿ, ಟ್ರಾನ್ಸ್‌ಮಿಟರ್ ಕಟ್ಟಿದ ಹೇಂಟೆಗಳ ಗೂಡುಗಳನ್ನು ಹೋಲಿಸಿ ನೋಡಲಾಯಿತು. ಬೇಟೆಯನ್ನು ತಡಮಾಡಿದ ಮಾತ್ರಕ್ಕೆ ಗೂಡುಗಳ ಯಶಸ್ಸಿನಲ್ಲಿ ಸ್ಪಷ್ಟವಾದ ಏರಿಕೆ ಕಾಣಲಿಲ್ಲ. ಕೆಲವರು ಇದನ್ನೇ ಹಿಡಿದು ಮಿತಿಯೆಲ್ಲ ವ್ಯರ್ಥವೆಂದರು. ಅದು ಅವಸರದ ತೀರ್ಮಾನ. ಮಿತಿ ಇಳಿದರೆ ಬಲಿತ ಗಂಡುಗಳು ಮುಂದಿನ ವರ್ಷಕ್ಕೆ ಉಳಿಯುತ್ತವೆ, ಕುಸಿದ ಸಂತತಿಯ ಮೇಲಿನ ಒಂದು ಭಾರ ಇಳಿಯುತ್ತದೆ; ಅಷ್ಟು ಮಾತ್ರ ಅದರಿಂದ ಸಾಧ್ಯ. ಕಾಗದದ ಮೇಲಿನ ಅಂಕಿ ಮೊಟ್ಟೆಗೆ ಕಾವು ಕೊಡದು, ಮರಿಗೆ ಹುಳು ಹೆಕ್ಕಿ ಕೊಡದು. ಗುಂಡನ್ನು ತಡೆಯುವುದು ನಿಯಮದ ಕೆಲಸ, ಗೂಡನ್ನು ಉಳಿಸುವುದು ನೆಲದ ಕೆಲಸ.

ಹಂಗಾಮಿನ ಹಿಂದಿನ ಹಣ

ನಿಯಮ ಬದಲಿಸುವುದು ಅಲ್ಲಿಯೂ ಸುಲಭವಲ್ಲ. ಬೇಟೆಯ ಹಂಗಾಮನ್ನು ನಂಬಿದ ಹೊಟೇಲುಗಳಿವೆ, ಅಂಗಡಿಗಳಿವೆ, ದಾರಿ ತೋರಿಸುವ ಕಸುಬಿನವರಿದ್ದಾರೆ. ಪರವಾನಗಿಯ ಹಣದಲ್ಲಿಯೇ ವನ್ಯಜೀವಿ ಇಲಾಖೆಗಳು ನಡೆಯುವುದರಿಂದ, ಹಕ್ಕಿಯನ್ನು ಉಳಿಸಲು ಬೇಟೆ ತಗ್ಗಿಸಿದರೆ ಉಳಿಸುವ ಹಣವೂ ತಗ್ಗಬಹುದೆಂಬ ಇಕ್ಕಟ್ಟಿದೆ. ಒಂದು ರಾಜ್ಯ ಮಿತಿ ಬಿಗಿಗೊಳಿಸಿದರೆ ಬೇಟೆಗಾರರು ಪಕ್ಕದ ರಾಜ್ಯಕ್ಕೆ ಹೋಗುತ್ತಾರೆ. ಅಪ್ಪನ ಜೊತೆ ವಸಂತದ ಮೊದಲ ಬೆಳಗಿನಲ್ಲಿ ಕಾಡಿಗೆ ಹೋದ ನೆನಪಿರುವವನಿಗೆ ಮೊದಲ ಎರಡು ವಾರಗಳನ್ನು ಬಿಟ್ಟುಕೊಡುವುದು ಬರೀ ಕಾನೂನಿನ ವಿಷಯವಲ್ಲ. ಇಷ್ಟಾದರೂ ಅನೇಕ ಬೇಟೆಗಾರರು ಕಡಿತವನ್ನು ಬೆಂಬಲಿಸಿದರು ಎಂಬುದು ಗಮನಿಸಬೇಕಾದ ಸಂಗತಿ. ಕಾಡಿನಲ್ಲಿ ಕೂಗು ಕಡಿಮೆಯಾದುದನ್ನು ಕಚೇರಿಗಿಂತ ಮೊದಲು ಕೇಳಿಸಿಕೊಂಡವರು ಅವರೇ.

ಸಹ್ಯಾದ್ರಿಯ ನೆಲಕ್ಕೆ

ಬಂಧುಗಳೆ, ಇಲ್ಲಿಯ ಕಾನೂನು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಕೋಳಿ, ನವಿಲುಗಳ ಬೇಟೆಗೆ ಇಲ್ಲಿ ಮಿತಿಯೆಂಬುದೇ ಇಲ್ಲ, ಪೂರ್ಣ ನಿಷೇಧವಿದೆ. ಅಮೆರಿಕದ ಕಥೆಯಿಂದ ಬೇಟೆಗೆ ಸಮರ್ಥನೆ ಹುಡುಕುವುದು ತಪ್ಪಾಗುತ್ತದೆ. ಅಲ್ಲಿಯ ಪೈನ್ ಕಾಡಿನ ಬೆಂಕಿಯನ್ನು ಇಲ್ಲಿಯ ಕಾಡಿಗೆ ತರುವುದೂ ಅಷ್ಟೇ ತಪ್ಪು. ಆದರೆ ಒಂದು ಸಾಮ್ಯವನ್ನು ಮರೆಯುವಂತಿಲ್ಲ. ಸಹ್ಯಾದ್ರಿಯ ಬೂದು ಕಾಡುಕೋಳಿಯೂ ಗೂಡು ಮಾಡುವುದು ನೆಲದ ಮೇಲೆ, ತರಗೆಲೆಯ ನಡುವಿನ ತಗ್ಗಿನಲ್ಲಿ. ಅದೂ ಹೆಚ್ಚಾಗಿ ಫೆಬ್ರವರಿಯಿಂದ ಮೇ ತಿಂಗಳ ನಡುವೆ. ಬೆಟ್ಟದಲ್ಲಿ ತರಗೆಲೆ ಗುಡಿಸುವುದೂ, ಬೇಸಗೆಯ ಕಾಡ್ಗಿಚ್ಚು ಹರಿಯುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಬಂದೂಕನ್ನು ನಿಷೇಧಿಸಿದ ಕಾಯಿದೆಗೆ ಆ ಗೂಡು ಕಾಣುವುದಿಲ್ಲ. ಅದನ್ನು ಕಾಣಬಲ್ಲವರು ಬೆಟ್ಟಕ್ಕೆ ಹೋಗುವ ಜನ ಮಾತ್ರ.

ಕಾಡಂಚಿನ ಕೃಷಿಕರು ಸೊಪ್ಪಿನ ಬೆಟ್ಟದ ಒಂದು ಪಟ್ಟಿಯನ್ನು ಮರಿಯಾಗುವವರೆಗೆ ಗುಡಿಸದೆ ಬಿಡಬಹುದು. ಕಂಡ ಗೂಡಿನ ಸುತ್ತ ನಾಯಿಯನ್ನು ತಡೆಯಬಹುದು. ವಿದ್ಯಾರ್ಥಿಗಳು ಒಂದು ನೋಟ್‌ಬುಕ್ಕನ್ನು ಇದಕ್ಕೆಂದೇ ಮೀಸಲಿಡಬಹುದು: ಯಾವ ದಿನ, ಯಾವ ದಾರಿಯಲ್ಲಿ, ಹೇಂಟೆಯ ಹಿಂದೆ ಎಷ್ಟು ಮರಿ. ಅಮೆರಿಕದಲ್ಲಿ ಇಳಿಮುಖವನ್ನು ಬಯಲಿಗೆ ತಂದದ್ದು ಇಷ್ಟು ಸರಳವಾದ ಎಣಿಕೆಯೇ. ಇಂತಹ ಲೆಕ್ಕ ಹತ್ತು ವರ್ಷ ತಪ್ಪದೆ ಉಳಿದುಬಂದರೆ, ಕಾಡು ಏನು ಹೇಳುತ್ತಿದೆ ಎಂಬುದಕ್ಕೆ ಊರಿನ ಕೈಯಲ್ಲಿಯೇ ಸಾಕ್ಷ್ಯವಿರುತ್ತದೆ.

1851ರಲ್ಲಿ ಮೌಂಟ್ ಟಾಮ್‌ನಲ್ಲಿ ಕೊನೆಯ ಟರ್ಕಿ ಬಿದ್ದಾಗ ಅದಕ್ಕೆ ಮಿತಿಯೂ ಇರಲಿಲ್ಲ, ಎಣಿಸುವವರೂ ಇರಲಿಲ್ಲ. ಇಂದು ಎರಡೂ ಇವೆ. ಆದರೂ ಹಕ್ಕಿ ಜಾರುತ್ತಿದೆ. ಮಿತಿಯೆಂಬುದು ಒಮ್ಮೆ ಬರೆದು ಗೋಡೆಗೆ ತೂಗುಹಾಕುವ ಅಂಕಿಯಲ್ಲ, ಗೂಡಿನತ್ತ ನೋಡಿ ಮತ್ತೆ ಮತ್ತೆ ತಿದ್ದಬೇಕಾದ ಅಂಕಿ ಎಂಬುದನ್ನು ಅಲ್ಲಿಯವರು ತಡವಾಗಿ ಕಲಿಯುತ್ತಿದ್ದಾರೆ. ಕಾಡುಕೋಳಿಯ ಕೂಗು ಇನ್ನೂ ಕೇಳಿಸುತ್ತಿರುವ ಊರುಗಳಿಗೆ ಅದನ್ನು ಸಕಾಲದಲ್ಲಿ ಕಲಿಯುವ ಅವಕಾಶವಿದೆ.